ಕಪಿಲೆಯ ಏರಿನಲ್ಲಿ ಐವತ್ತು ಸುತ್ತು

“ಲಾಭೋ ಲಾಭ… ಎರಡೋ ಎರಡು… ಮೂರೋ ಮೂರು…”

ಈ ದನಿ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಹೊಗೆಸೊಪ್ಪು ಜಗಿದು ಒರಟಾದ, ಪ್ರತಿ ಅಂಕಿಯನ್ನೂ ಎಳೆದು ಬಿಡುವ ದನಿ. ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವಾಗ ಯಾರೂ ಒಂದು ಅನ್ನುವುದಿಲ್ಲ. ಮೊದಲ ಅಳತೆಗೆ ಲಾಭ ಎನ್ನುತ್ತಾರೆ, ಆಮೇಲೆ ಎರಡು, ಮೂರು. ಅಜ್ಜಂಪುರದ ನಮ್ಮ ತೋಟದ ಹಳೆಯ ಬಾವಿಯ ಪಕ್ಕ ಕೂತು ಈ ದನಿ ಎಣಿಸುತ್ತಿದ್ದದ್ದು ನಾನು ಏರು ಹತ್ತಿ ಇಳಿದ ಸುತ್ತುಗಳನ್ನು.

ಹೋದ ತಿಂಗಳು ಕಡೂರಿಗೆ ಹೋಗಿದ್ದಾಗ ನನ್ನ ತಮ್ಮನ ಮೊಮ್ಮಗಳು ತಾನು ಸೇರಿದ ಜಿಮ್ ತೋರಿಸಲು ಕರೆದುಕೊಂಡು ಹೋದಳು. ಒಂದು ಮಿಷನ್ ಮೇಲೆ ಹತ್ತಿ, ಅದರ ಮುಂದಿನ ತುದಿಯನ್ನು ಗುಂಡಿ ಒತ್ತಿ ಮೇಲಕ್ಕೆತ್ತಿಸಿ, ನಿಂತ ಜಾಗದಲ್ಲೇ ಬೆಟ್ಟ ಹತ್ತತೊಡಗಿದಳು. “ಇನ್‌ಕ್ಲೈನ್ ಹನ್ನೆರಡು ಅಜ್ಜಿ. ಅರ್ಧ ಗಂಟೆ ನಡೆದ್ರೆ ವೇಟ್ ಹೇಗೆ ಇಳಿಯುತ್ತೆ ಗೊತ್ತಾ!”

“ಯಾರು ಎಣಿಸ್ತಾರೆ?” ಎಂದೆ.

“ಮಿಷನ್ನೇ ಎಣಿಸುತ್ತೆ.”

“ಮಧ್ಯೆ ಮಧ್ಯೆ ಬಿಟ್ಟು ಎಣಿಸುತ್ತಾ?”

ಅವಳು ನಕ್ಕುಬಿಟ್ಟಳು. ನಾನು ತಮಾಷೆಗೆ ಕೇಳಿರಲಿಲ್ಲ. ಮನೆಗೆ ಬಂದು ಇದನ್ನು ಬರೆಯಲು ಕೂತೆ. ಬಳೆ ಬಿಗಿಯಾಯಿತೆಂದು, ಉಂಗುರ ಬೆರಳಿನಿಂದ ಹೊರಬರುತ್ತಿಲ್ಲವೆಂದು ಯಾರಿಗೂ ಹೇಳದೆ ಕೂತಿರುವ ಹೆಣ್ಣುಮಗಳು ಎಲ್ಲೋ ಒಬ್ಬಳಾದರೂ ಇರುತ್ತಾಳೆ. ಅವಳು ಓದಲಿ ಅಂತ.

ಎಪ್ಪತ್ತರ ದಶಕದ ಕೊನೆಯ ಮಾತು. ನನಗೆ ಮೂವತ್ತೆರಡು ವರ್ಷ. ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಓದಿ, ಅಜ್ಜಂಪುರದ ಕೊಬ್ಬರಿ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದವಳು. ಕಾನ್ವೆಂಟಿನಲ್ಲಿ ನಾನು ಕ್ವಾಯರ್‌ನಲ್ಲಿ ಹಾಡುತ್ತಿದ್ದೆ. ಸಿಸ್ಟರ್ ನನ್ನನ್ನು ಮೊದಲ ಸಾಲಿನಲ್ಲಿ ನಿಲ್ಲಿಸಿ, “ವಿಮಲಾ, ಯುವರ್ ವಾಯ್ಸ್ ಈಸ್ ಎ ಗಿಫ್ಟ್, ಡೋಂಟ್ ವೇಸ್ಟ್ ಇಟ್” ಅನ್ನುತ್ತಿದ್ದರು. ಮದುವೆಯಾದ ಮೇಲೂ ನನ್ನ ಯಜಮಾನರು, ಮಲ್ಲೇಶ್, ಮಂಡಿಯಿಂದ ಬಂದು ಕಾಲು ತೊಳೆಯುತ್ತ “ಒಂದು ಹಾಡೇಳೇ” ಅನ್ನುವರು. ನನ್ನ ಸೊತ್ತು ಎನ್ನುವಂಥದ್ದು ಆ ಮನೆಯಲ್ಲಿ ಅದೊಂದೇ ಇತ್ತು.

ಮೊದಲು ಹೋದದ್ದು ಆ ದನಿ. ಮಗಳು ಉಷಾಗೆ ಆಗ ಐದು ತುಂಬಿತ್ತು. “ಅಮ್ಮಂಗೆ ಅಪ್ಪನ ದನಿ ಬಂದ್ಬಿಟ್ಟಿದೆ” ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕ ಸದ್ದು ಕಪ್ಪೆ ವಟಗುಟ್ಟಿದ ಹಾಗಿತ್ತು. ಆಮೇಲೆ ಮೈ ಊದತೊಡಗಿತು. ಬಳೆಗಾರ ಎರಡು ಸೈಜ್ ದೊಡ್ಡ ಬಳೆ ತೊಡಿಸಿದ. ಮದುವೆಯ ಉಂಗುರವನ್ನು ಅಕ್ಕಸಾಲಿ ಅರದಿಂದ ಕತ್ತರಿಸಿ ತೆಗೆದ. ಬೇಸಿಗೆಯಲ್ಲೂ ಚಳಿ. ಏಪ್ರಿಲ್ ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ಒಲೆಯ ಮುಂದೆ ಕೂರುತ್ತಿದ್ದೆ. ಹುಬ್ಬಿನ ಹೊರತುದಿಯ ಕೂದಲು ಉದುರಿತು. ಸೌದೆಗೆ ಬೆಂಕಿ ಹಚ್ಚುವಷ್ಟರಲ್ಲಿ ಸುಸ್ತು.

ಅತ್ತೆ ಪಾರ್ವತಮ್ಮನವರಿಗೆ ಇದು ಒಂದೇ ಮಾತಿನಲ್ಲಿ ಅರ್ಥವಾಗಿತ್ತು. “ಓದಿದ ಹುಡುಗಿ, ಕೂತು ತಿಂದು ಅಭ್ಯಾಸ. ಇನ್ನೇನಾಗ್ತದೆ?”

ಕಡೂರಿನಲ್ಲಿ ಒಬ್ಬ ಡಾಕ್ಟರಿದ್ದರು. ಅವರ ಹೆಸರು ಬೇಡ. ರೈಲಿನಲ್ಲಿ ಬೀರೂರಿಗೆ ಹೋಗಿ, ಅಲ್ಲಿಂದ ಕಡೂರಿಗೆ. ಅವರ ವೇಟಿಂಗ್ ರೂಮಿನಲ್ಲಿ ಉದ್ದದ ಎರಡು ಬೆಂಚು. ಮಧ್ಯೆ ಒಂದು ಹಸಿರು ಪರದೆ, ಅದರ ಹಿಂದೆ ತೂಕದ ಯಂತ್ರ. ಮೈ ಮುಚ್ಚಲು ಪರದೆಯಿತ್ತು, ಮಾತು ಮುಚ್ಚಲು ಏನೂ ಇರಲಿಲ್ಲ. ಕಾಂಪೌಂಡರ್ ಡಾಕ್ಟರ ಕೋಣೆಗೆ ಕೇಳಲೆಂದು ಗಟ್ಟಿಯಾಗಿ ಕೂಗುತ್ತಿದ್ದ: “ಎಂಬತ್ತೊಂಬತ್ತು ಸಾರ್!” ಪರದೆಯಿಂದ ಈಚೆ ಬಂದಾಗ ಎರಡೂ ಬೆಂಚಿನವರು ತಲೆ ತಗ್ಗಿಸಿಕೊಂಡರು. ನಗುವವರಿಗಿಂತ ತಲೆ ತಗ್ಗಿಸಿದವರನ್ನು ನೋಡಿದಾಗ ನನಗೆ ಸತ್ತುಹೋಗಬೇಕು ಅನಿಸಿತು.

ಡಾಕ್ಟರ್ ಸ್ಟೆತಾಸ್ಕೋಪ್ ಇಡಲಿಲ್ಲ. “ಏನ್ ತಿಂತೀರಮ್ಮಾ?” ಎಂದರು. ಹೇಳಿದೆ. ನಂಬಲಿಲ್ಲ. “ಮನೆಯಲ್ಲಿ ತಿನ್ನೋದನ್ನ ಹೇಳಿದ್ರಿ. ಯಾರಿಗೂ ಕಾಣದ ಹಾಗೆ ತಿನ್ನೋದು?”

ನಾನು ಯಜಮಾನರ ಮುಖ ನೋಡಿದೆ. ಅವರು ಗೋಡೆ ನೋಡುತ್ತಿದ್ದರು.

“ಬೊಂಬಾಯಿ ಆಸ್ಪತ್ರೇಲಿ ಟ್ರೆಡ್‌ಮಿಲ್ ಅಂತ ಒಂದು ಮಿಷನ್ ನೋಡಿದ್ದೆ,” ಡಾಕ್ಟರ್ ಮುಂದುವರಿಸಿದರು. “ಬೆಲ್ಟ್ ಓಡುತ್ತೆ, ನೀವು ನಿಂತಲ್ಲೇ ನಡೀತೀರಿ. ಮುಂದಿನ ಭಾಗ ಎತ್ತಿದ್ರೆ ಏರು ಹತ್ತಿದ ಹಾಗೆ. ಕೊಬ್ಬು ಬೆಣ್ಣೆ ಥರ ಕರಗುತ್ತೆ. ನಮ್ಮಲ್ಲಿ ಅದೆಲ್ಲಿ ಬರಬೇಕು? ಯಾವುದಾದ್ರೂ ಏರು ಹುಡುಕ್ಕೊಂಡು ದಿನಾ ಐವತ್ತು ಸಲ ಹತ್ತಿ ಇಳೀರಿ. ಆರು ತಿಂಗಳಲ್ಲಿ ತೂಕ ಇಳೀಲಿಲ್ಲ ಅಂದ್ರೆ ಹಾರ್ಟ್‌ಗೆ ನಾನು ಜವಾಬ್ದಾರಿ ಅಲ್ಲ.”

ಅಜ್ಜಂಪುರದಲ್ಲಿ ಏರು ಎಲ್ಲಿದೆ? ಚಪ್ಪಟೆ ಊರು. ಯಜಮಾನರು ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆಯ ಮಾತೆತ್ತಿದರು.

“ಸೊಸೆ ಸೇತುವೆ ಹತ್ತಾಳೆ, ಇಳೀತಾಳೆ, ಮತ್ತೆ ಹತ್ತಾಳೆ!” ಅತ್ತೆ ಹಣೆ ಚಚ್ಚಿಕೊಂಡರು. “ಯಾವ ರೈಲಿಗೆ ಕಾಯ್ತಾಳೋ ಅಂತಾರೆ ಜನ. ಬ್ಯಾಡ. ತೋಟದಲ್ಲಿ ಕಪಿಲೆ ದಾರಿ ಇಲ್ವಾ? ಎತ್ತು ಹತ್ತಿ ಇಳಿದಿದ್ದು ಸಾಲ್ದಾ ಇವಳಿಗೆ?”

ಕಪಿಲೆ ಬಾವಿ ಕಂಡವರು ಈಗ ಕಡಿಮೆ. ಬಾವಿಯ ಬಾಯಿಂದ ಆಚೆಗೆ ಇಳಿಜಾರಾಗಿ ತೋಡಿದ ಒಂದು ಮಣ್ಣಿನ ದಾರಿ ಇರುತ್ತದೆ. ಜೋಡೆತ್ತು ಹಗ್ಗ ಎಳೆಯುತ್ತ ಆ ದಾರಿಯಲ್ಲಿ ಇಳಿದರೆ ಬಾವಿಯೊಳಗಿಂದ ಚರ್ಮದ ಬಾನಿ ನೀರು ತುಂಬಿಕೊಂಡು ಮೇಲೆ ಬರುತ್ತದೆ. ನೀರು ಸುರಿದ ಮೇಲೆ ಎತ್ತುಗಳು ಹಿಂದು ಹಿಂದಕ್ಕೆ ಹೆಜ್ಜೆ ಹಾಕಿ ಮತ್ತೆ ಬಾವಿಯ ಹತ್ತಿರ ಬರಬೇಕು. ನಮ್ಮ ಬಾವಿಗೆ ಪಂಪ್‌ಸೆಟ್ ಬಂದು ಏಳೆಂಟು ವರ್ಷವಾಗಿತ್ತು. ದಾರಿ ಹಾಗೇ ಉಳಿದಿತ್ತು. ಎತ್ತು ಹೊಡೆಯುತ್ತಿದ್ದ ಈರಜ್ಜನೂ ತೋಟದಲ್ಲೇ ಉಳಿದಿದ್ದ, ಬಿದ್ದ ಕಾಯಿ ಆಯ್ದುಕೊಂಡು, ಕಾಲುವೆ ಕೆರೆದುಕೊಂಡು. ಅವನಿಗೆ ಅರವತ್ತು ದಾಟಿತ್ತು.

ನನ್ನ ಸುತ್ತು ಎಣಿಸುವ ಕೆಲಸವನ್ನು ಅತ್ತೆ ಅವನಿಗೆ ವಹಿಸಿದರು. ನಾನು ಸುಳ್ಳು ಹೇಳಬಹುದು ಎಂದು.

ಮೊದಲ ದಿನ ಈರಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಮ್ಮ ಎತ್ತುಗಳು ಹಿಂದು ಹಿಂದಕ್ಕೆ ಹತ್ತುತಿದ್ವು ಅಮ್ಮೋರೆ. ನೀವು ಮುಂದಕ್ಕೆ ಮುಖ ಮಾಡ್ಕಂಡು ಹತ್ತೀರಿ. ಸಲೀಸು ಬಿಡಿ” ಎಂದ. ಸಲೀಸಾಗಿರಲಿಲ್ಲ. ಮೂವತ್ತು ಹೆಜ್ಜೆಯ ಏರು. ಹತ್ತನೇ ಹೆಜ್ಜೆಗೆ ಎದೆ ತಮಟೆ ಬಡಿಯುವುದು. ಇಪ್ಪತ್ತಕ್ಕೆ ಕಣ್ಣಿಗೆ ಕತ್ತಲು. ಮೂವತ್ತಕ್ಕೆ ಎದುರಿಗೆ ಬಾವಿಯ ಬಾಯಿ. ಕಪಿಲೆ ಬಾವಿಗೆ ಆ ಕಡೆ ಕಟ್ಟೆ ಇರುವುದಿಲ್ಲ. ಕಲ್ಲಿನ ಚಪ್ಪಡಿ, ಅದರಾಚೆ ನೀರು.

ಆ ಚಪ್ಪಡಿಯ ಮೇಲೆ ಈರಜ್ಜ ಕೂರುತ್ತಿದ್ದ. ನಾನು ಮೇಲೆ ಬಂದಾಗಲೆಲ್ಲ ನನಗೂ ನೀರಿಗೂ ನಡುವೆ ಅವನ ಬೆನ್ನು. ತೂರಾಡಿದರೆ ಮಣಿಕಟ್ಟು ಹಿಡಿದು ನಿಲ್ಲಿಸಿ, “ಏನ್ ತಣ್ಣಗದೆ ಕೈ” ಅನ್ನುವನು.

“ನೆರಳಲ್ಲಿ ಕೂರಬಾರದಾ ಈರಜ್ಜ? ಅಲ್ಲಿ ಬಿಸಿಲು.”

“ನಂಗಿಲ್ಲೇ ಸರಿಯಾಗದೆ. ನಡೀರಿ. ಒಂಬತ್ತೋ ಒಂಬತ್ತು…”

ದಿನಾ ಬೆಳಗ್ಗೆ ಐವತ್ತು. ಊಟಕ್ಕೆ ಅರ್ಧ ಮುದ್ದೆ, ನೀರು ಮಜ್ಜಿಗೆ. ಉಗ್ರಾಣಕ್ಕೆ ಅತ್ತೆ ಬೀಗ ಹಾಕಿ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವರನ್ನು ಕೆಟ್ಟವರು ಎಂದು ಬರೆದರೆ ನನ್ನ ಕೈ ಸೇದಿಹೋಗಬೇಕು. ಅವರೂ ನನ್ನ ಪಕ್ಕ ಕೂತು ಅರ್ಧ ಮುದ್ದೆಯನ್ನೇ ತಿನ್ನುತ್ತಿದ್ದರು. “ಒಬ್ಬಳೇ ಉಪವಾಸ ಬಿದ್ರೆ ಹೊಟ್ಟೆ ಉರೀತದೆ. ಇಬ್ರಾದ್ರೆ ವ್ರತ” ಅಂದುಕೊಂಡು.

ಎರಡು ತಿಂಗಳಾದ ಮೇಲೆ ಕಡೂರಿನಲ್ಲಿ ಕಾಂಪೌಂಡರ್ ಕೂಗಿದ: “ತೊಂಬತ್ತೊಂದು ಸಾರ್!”

ಡಾಕ್ಟರ್ ಪೆನ್ನನ್ನು ಮೇಜಿನ ಮೇಲೆ ಇಟ್ಟರು. “ಅಮ್ಮಾ, ಏರು ಹತ್ತೋದು ಬೆಳಗ್ಗೆ. ತಿನ್ನೋದು ಯಾವಾಗ?”

ವಾಪಸ್ ರೈಲಿನಲ್ಲಿ ಯಜಮಾನರು ಕಿಟಕಿಯ ಹೊರಗೇ ನೋಡುತ್ತಿದ್ದರು. ಬೀರೂರು ಬಿಟ್ಟು ಬಹಳ ದೂರ ಬಂದ ಮೇಲೆ, ನನ್ನ ಕಡೆ ತಿರುಗದೆಯೇ, “ವಿಮ್ಲಾ, ನಿಜ ಹೇಳಿದ್ರೆ ನಾನು ಬಯ್ಯಲ್ಲ” ಅಂದರು.

ಐ ಬಿಗ್ಯಾನ್ ಟು ಡೌಟ್ ಮೈಸೆಲ್ಫ್. ಇದನ್ನು ಕನ್ನಡದಲ್ಲಿ ಬರೆಯಲು ಇವತ್ತಿಗೂ ನಾಚಿಕೆ. ಎಲ್ಲರೂ ಸುಳ್ಳು ಹೇಳಲಾರರು, ತೂಕದ ಯಂತ್ರವಂತೂ ಹೇಳಲಾರದು. ಹಾಗಾದರೆ ನಾನೇ ನಿದ್ದೆಗಣ್ಣಿನಲ್ಲಿ ಎದ್ದು ಹೋಗಿ ತಿನ್ನುತ್ತಿದ್ದೇನೋ? ಬೀಗ ತೆಗೆಯುತ್ತಿದ್ದೇನೋ? ಮಲಗುವ ಮುಂಚೆ ಉಗ್ರಾಣದ ಹೊಸ್ತಿಲ ಮುಂದೆ ತೆಳ್ಳಗೆ ರಾಗಿಹಿಟ್ಟು ಉದುರಿಸಿಡತೊಡಗಿದೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಬಗ್ಗಲಾರದ ಮೈಯನ್ನು ಬಗ್ಗಿಸಿ, ನನ್ನದೇ ಹೆಜ್ಜೆಗಳನ್ನು ಹುಡುಕುವೆ. ಇಲಿಯ ಸಣ್ಣ ಕಾಲಿನ ಗುರುತಿರುತ್ತಿತ್ತು, ಬಾಲದ ಗೆರೆ ಇರುತ್ತಿತ್ತು. ನನ್ನದು ಇರುತ್ತಿರಲಿಲ್ಲ. ನೆಮ್ಮದಿಯಾಗಬೇಕಿತ್ತಲ್ಲ? ಆಗಲಿಲ್ಲ. ನನ್ನ ಹೆಜ್ಜೆ ಸಿಕ್ಕಿದ್ದರೆ ಒಂದು ಕಾರಣವಾದರೂ ಸಿಕ್ಕುತ್ತಿತ್ತು.

ಒಂದು ದಿನ ಅತ್ತೆಯ ಕೈಗೆ ಸಿಕ್ಕಿಬಿದ್ದೆ. “ಏನೇ ಇದು, ಹಿಟ್ಟು ಚೆಲ್ಲಿದೀಯಾ?” ಅಂದರು. ಹೇಳಿದೆ. ಅವರು ಬಹಳ ಹೊತ್ತು ಆ ಹಿಟ್ಟನ್ನೇ ನೋಡಿದರು. ಆಮೇಲೆ ಪೊರಕೆ ತಂದು ತಾವೇ ಗುಡಿಸಿದರು. ಬೀಗ ಮಾತ್ರ ತೆಗೆಯಲಿಲ್ಲ.

ನನಗೆ ಉಳಿದದ್ದು ಆ ಐವತ್ತು ಸುತ್ತು ಮಾತ್ರ. ಅದನ್ನು ಮಾತ್ರ ನಾನು ಪ್ರಾಮಾಣಿಕವಾಗಿ ಮಾಡುತ್ತಿದ್ದೇನೆ ಎಂದು ಎದೆ ಮುಟ್ಟಿ ಹೇಳಬಹುದಿತ್ತು. ಮುಟ್ಟಿನ ದಿನಗಳಲ್ಲೂ ಬಿಡಲಿಲ್ಲ, ಜ್ವರವಿದ್ದಾಗಲೂ ಬಿಡಲಿಲ್ಲ.

ಉಷಾ ಸ್ಕೂಲಿಗೆ ಸೇರಿ ನೂರರವರೆಗೆ ಎಣಿಸುವುದನ್ನು ಕಲಿತಿದ್ದಳು. ಒಂದು ಭಾನುವಾರ ನನ್ನ ಜೊತೆ ತೋಟಕ್ಕೆ ಬಂದು ಈರಜ್ಜನ ಪಕ್ಕ ಕೂತಳು.

“ಲಾಭ ಅಂದ್ರೆ ಒಂದಾ ತಾತ?”

“ಹೂಂ ಪುಟ್ಟವ್ವ. ಒಂದು ಅಂದ್ರೆ ಒಂಟಿ ಆಗ್ತದೆ. ಲಾಭ ಅನ್ಬೇಕು.”

ನಾನು ಹತ್ತಿದೆ, ಇಳಿದೆ. ಬೆವರು ಬರುತ್ತಿರಲಿಲ್ಲ, ನನಗೆ ಬೆವರೇ ನಿಂತುಹೋಗಿತ್ತು. ಉಸಿರು ಮಾತ್ರ ಕೊಳಲಿನ ತೂತಿನಿಂದ ಬಂದ ಹಾಗೆ. “ಹನ್ನೆರಡೋ ಹನ್ನೆರಡು…” ಎಂದ ಈರಜ್ಜ. ಮುಂದಿನ ಸಲ ನಾನು ಮೇಲೆ ಬಂದಾಗ, “ಹದಿನೈದೋ ಹದಿನೈದು…”

“ಅಮ್ಮಾ!” ಉಷಾ ಚಪ್ಪಾಳೆ ತಟ್ಟಿದಳು. “ತಾತಂಗೆ ಎಣಿಸೋಕೇ ಬರಲ್ಲ! ಹದಿಮೂರು ಬಿಟ್ಟ, ಹದಿನಾಲ್ಕೂ ಬಿಟ್ಟ!”

ನಾನು ನಿಂತೆ. ಈರಜ್ಜ ನೆಲ ನೋಡಿದ.

“ಎಷ್ಟು ದಿನದಿಂದ?” ಎಂದೆ.

“ಮೊದಲಿಂದ್ಲೂ ಅಮ್ಮೋರೆ.”

“ಐವತ್ತಕ್ಕೆ ಎಷ್ಟು?”

“ಒಂದೊಂದು ದಿನ ಮೂವತ್ತು. ಒಂದೊಂದು ದಿನ ಇಪ್ಪತ್ತೈದು. ನಿಮ್ಮ ಉಸಿರು ನೋಡ್ಕಂಡು.” ಮತ್ತೆ ಹೇಳಿದ: “ಎತ್ತಿನ ಬಾಯಲ್ಲಿ ನೊರೆ ಕಂಡ್ರೆ ಅಂಕಿ ನುಂಗ್ತಿದ್ದೆ. ದೊಡ್ಡಯ್ಯೋರು ಆ ಮರದಡಿ ಕೂತು ಕೇಳ್ಕಂತಿದ್ರು. ನೂರು ಬಾನಿ ಅಂತ ಕೂಗ್ತಿದ್ದೆ, ಎಪ್ಪತ್ತು ಎಳೆಸ್ತಿದ್ದೆ. ತೋಟವೇನೂ ಒಣಗ್ಲಿಲ್ಲ.”

ದೊಡ್ಡಯ್ಯ ಅಂದರೆ ತೀರಿಹೋಗಿದ್ದ ನಮ್ಮ ಮಾವ.

“ನಾನು ಎತ್ತಾ?” ಎಂದು ಕಿರುಚಿದೆ. ಆ ಒಡಕು ದನಿ ತೆಂಗಿನ ಮರಗಳಿಗೆಲ್ಲ ಕೇಳಿಸಿರಬೇಕು. “ನನ್ನ ಮೈ ಇಳೀದೇ ಇರೋದಕ್ಕೆ ನೀನೇ ಕಾರಣ! ಎಲ್ಲರ ಮುಂದೆ ನಾನು ಕಳ್ಳಿ ಆದೆ, ನಿನ್ನಿಂದ!”

“ಎತ್ತಲ್ಲ ಕಣವ್ವ,” ಈರಜ್ಜ ಮೆಲ್ಲಗೆ ಹೇಳಿದ. “ಎತ್ತಿಗೆ ಸಾಕಾದ್ರೆ ಅದೇ ನಿಂತ್ಕಂತದೆ. ನೀವು ನಿಲ್ಲಕ್ಕಿಲ್ಲ.”

ನಾನು ಆ ಮಾತು ಕೇಳಿಸಿಕೊಳ್ಳಲಿಲ್ಲ. ಉಷಾಳ ಕೈ ಹಿಡಿದು ಮನೆಗೆ ಹೋಗಿ ಅತ್ತೆಗೆ ಎಲ್ಲವನ್ನೂ ಹೇಳಿದೆ. ನನ್ನ ಸುತ್ತಿನ ವಿಚಾರ ಹೇಳಿ ನಿಲ್ಲಿಸಬಹುದಿತ್ತು. ಮಾವನ ಕಾಲದ ಬಾನಿಗಳ ವಿಚಾರವನ್ನೂ ಹೇಳಿದೆ. ಐ ವಾಂಟೆಡ್ ಸಮ್‌ಒನ್ ಎಲ್ಸ್ ಟು ಬಿ ದ ಥೀಫ್, ಒಂದು ದಿನಕ್ಕಾದರೂ. ಕಳ್ಳ ಎನ್ನುವ ಪಟ್ಟ ನನ್ನ ತಲೆಯಿಂದ ಇಳಿದು ಬೇರೆಯವರ ತಲೆಗೆ ಹೋಗಲಿ ಅಂತ.

ಅತ್ತೆ ಅವನನ್ನು ಅಂಗಳಕ್ಕೆ ಕರೆಸಿದರು. “ಲೋ ಈರಾ, ನಮ್ಮನೆ ಅನ್ನ ತಿಂದು ನಮ್ಮೋರಿಗೇ ಸುಳ್ಳು ಕೂಗಿದ್ಯೇನೋ? ನಡಿ. ಇನ್ನು ತೋಟದ ಕಡೆ ಕಾಲಿಡ್ಬೇಡ.”

ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು, ಬಾಗಿಲ ಹಿಂದೆ ನಿಂತಿದ್ದ ನನ್ನ ಕಡೆ ನೋಡಿ, “ಚಪ್ಪಡಿ ತಾವ ಹುಷಾರು ಅಮ್ಮೋರೆ” ಎಂದಷ್ಟೇ ಹೇಳಿ ಹೋದ.

ಮರುದಿನದಿಂದ ನಾನೇ ಎಣಿಸಿಕೊಂಡೆ. ಐವತ್ತು ಸಣ್ಣ ಕಲ್ಲು ಆರಿಸಿ ಮಡಿಲಿಗೆ ಕಟ್ಟಿಕೊಂಡು, ಒಂದೊಂದು ಸಲ ಮೇಲೆ ಬಂದಾಗಲೂ ಒಂದೊಂದು ಕಲ್ಲನ್ನು ಈರಜ್ಜ ಕೂರುತ್ತಿದ್ದ ಜಾಗದಲ್ಲಿ ಇಡುವುದು. ಈಗ ಮೇಲೆ ಬಂದರೆ ನೀರು ಕಾಣುತ್ತಿತ್ತು. ನುಣ್ಣಗೆ, ಕರ್ರಗೆ. ಯಾವ ತೂಕವನ್ನೂ ಕೇಳದ ನೀರು. ಹೆಚ್ಚು ಬರೆಯುವುದಿಲ್ಲ. ಅಂಥ ನೀರಿನ ಮುಂದೆ ದಿನಾ ಐವತ್ತು ಸಲ ನಿಂತವರಿಗೆ ಗೊತ್ತಿರುತ್ತದೆ. ನಿಲ್ಲದವರಿಗೆ ಗೊತ್ತಾಗುವುದು ಬೇಡ. ಎಲ್ಲಾದರೂ ಯಾರಾದರೂ ಈಗ ಹಾಗೆ ನಿಂತಿದ್ದರೆ, ನಿಮಗೂ ನೀರಿಗೂ ನಡುವೆ ಒಬ್ಬರನ್ನು ಕೂರಿಸಿಕೊಳ್ಳಿ. ಯಾರನ್ನಾದರೂ ಸರಿ.

ನಾಲ್ಕನೆಯ ದಿನ, ಮೂವತ್ತನಾಲ್ಕನೆಯ ಕಲ್ಲು ಇಡಲು ಬಗ್ಗಿದ್ದು ನೆನಪಿದೆ. ಮುಂದಿನದು ಅತ್ತೆ ಹೇಳಿದ್ದು. ಅವರು ಪೂಜೆಗೆ ಕಣಗಿಲೆ ಹೂ ಬಿಡಿಸುತ್ತಿದ್ದರಂತೆ. ಬಾವಿಯೊಳಗೆ ಒಂದಾದ ಮೇಲೊಂದು ಕಲ್ಲು ಬೀಳುವ ಸದ್ದು. ಓಡಿಬಂದು ನೋಡಿದರೆ ನಾನು ಚಪ್ಪಡಿಯ ಮೇಲೆ ಬೋರಲು, ಒಂದು ಕೈ ನೀರಿನ ಮೇಲೆ ಜೋತುಬಿದ್ದಿದೆ, ಮಡಿಲಿನ ಕಲ್ಲುಗಳು ಉರುಳಿ ಬೀಳುತ್ತಿವೆ.

“ಎತ್ತಕ್ಕೆ ನನ್ನ ಕೈಲಿ ಆಗ್ಲಿಲ್ಲ ಕಣೇ,” ಎಂದು ಆಮೇಲೆ ಎಷ್ಟೋ ವರ್ಷ ಹೇಳಿಕೊಂಡು ಅತ್ತಿದ್ದಾರೆ. “ಜಾರ್ಬಾರ್ದು ಅಂತ ನಿನ್ನ ಸೀರೆ ಸೆರಗಿನ ಮೇಲೆ ಕೂತ್ಬಿಟ್ಟೆ. ಕೂತು ಕೂಗ್ದೆ. ಕೂಗಿದ್ದು ಯಾರ ಹೆಸ್ರು ಗೊತ್ತಾ? ಈರಾ ಈರಾ ಅಂತ. ಅವನನ್ನ ನಾನೇ ಓಡಿಸಿದ್ದು ಮರ್ತೇ ಹೋಗಿತ್ತು.”

ಕಡೆಗೆ ಬಂದವರು ರಸ್ತೆಯಲ್ಲಿ ಹೋಗುತ್ತಿದ್ದ ಗಾಡಿಯವರು.

ತರೀಕೆರೆಯಲ್ಲಿ ನನ್ನ ನಾದಿನಿಯ ಮನೆ. ಅವಳ ಬೀದಿಯಲ್ಲಿ ಒಬ್ಬ ಲೇಡಿ ಡಾಕ್ಟರ್ ಇದ್ದರು, ವಯಸ್ಸಾದವರು. “ಕಡೂರು ಸಾಕು, ಇಲ್ಲಿಗೆ ಕರ್ಕೊಂಡ್ ಬಾರಣ್ಣ” ಎಂದು ನಾದಿನಿ ಹಟ ಹಿಡಿದಳು. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಹೋದೆ. ದಾರಿಯುದ್ದಕ್ಕೂ ಅವರ ಸೊಂಟದ ಕೀ ನನ್ನ ಕಿವಿಗೆ ಒತ್ತುತ್ತಿತ್ತು.

ಆ ಕ್ಲಿನಿಕ್ಕಿನಲ್ಲಿ ತೂಕದ ಯಂತ್ರ ಮೂಲೆಯಲ್ಲಿತ್ತು, ಅದರ ಮೇಲೆ ಹಳೆಯ ಪೇಪರಿನ ಕಟ್ಟು. ಡಾಕ್ಟರ್ ನನ್ನನ್ನು ಅದರ ಮೇಲೆ ಹತ್ತಿಸಲಿಲ್ಲ. ಕೈ ಹಿಡಿದರು. “ಎಷ್ಟು ತಣ್ಣಗಿದೆ,” ಅಂದರು. ರೆಪ್ಪೆ ನೋಡಿದರು, ಹುಬ್ಬು ನೋಡಿದರು. ಮಂಡಿಯೂರಿಸಿ ಹಿಮ್ಮಡಿಯ ಮೇಲೆ ಪುಟ್ಟ ಸುತ್ತಿಗೆಯಿಂದ ತಟ್ಟಿ, ಪಾದ ನಿಧಾನವಾಗಿ ಅಲ್ಲಾಡಿ ಇನ್ನೂ ನಿಧಾನವಾಗಿ ವಾಪಸ್ ಬರುವುದನ್ನು ಎರಡೆರಡು ಸಲ ನೋಡಿದರು.

“ನಿಮ್ಮ ದನಿ ಮೊದಲಿಂದಲೂ ಹೀಗೇನಾ?”

“ಹಾಡ್ತಿದ್ದಳು ಡಾಕ್ಟ್ರೇ,” ಯಜಮಾನರು ಹೇಳಿದರು. ಅವರ ಬಾಯಿಂದ ನನ್ನ ಪರವಾಗಿ ಬಂದ ಮೊದಲ ಮಾತು ಅದು.

“ಕೇಳಬೇಕು. ಒಂದರಿಂದ ಹತ್ತರವರೆಗೆ ಗಟ್ಟಿಯಾಗಿ ಎಣಿಸಿ.”

ನಾನು ಬಾಯಿ ತೆರೆದೆ. “ಲಾಭ…” ಎಂದೆ. “ಎರಡು…” ಮುಂದಕ್ಕೆ ಹೋಗಲಾಗಲಿಲ್ಲ. ಅಷ್ಟು ದಿನದಲ್ಲಿ ಮೊದಲ ಸಲ ಅತ್ತುಬಿಟ್ಟೆ. ಡಾಕ್ಟರ್ ಅವಸರ ಮಾಡಲಿಲ್ಲ. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು. ಡಾಕ್ಟರ್ ಎದ್ದು ಬಾಗಿಲು ಹಾಕಿ ಬಂದು ಕೂತರು, ಅಷ್ಟೇ.

“ಇದು ತಿಂದು ಬಂದಿದ್ದಲ್ಲ,” ಎಂದು ಆಮೇಲೆ ನನಗಲ್ಲ, ಅತ್ತೆಗೆ ಹೇಳಿದರು. “ಕುತ್ತಿಗೆಯಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ. ನಿಮ್ಮ ಸೊಸೇದು ಕೆಲಸ ನಿಲ್ಲಿಸಿದೆ ಅಂತ ನನಗೆ ಅನಿಸುತ್ತೆ. ರಕ್ತ ಬೆಂಗಳೂರಿಗೆ ಕಳಿಸಿ ನೋಡೋಣ. ನೀವು ಉಪವಾಸ ಕೆಡವಿದ್ರೂ ಊದ್ತಾಳೆ, ಬೆಟ್ಟ ಹತ್ತಿಸಿದ್ರೂ ಊದ್ತಾಳೆ. ಎಷ್ಟು ನಡೀತಿದ್ರಿ?”

ಹೇಳಿದೆ. ಈರಜ್ಜ ಅಂಕಿ ಬಿಡುತ್ತಿದ್ದದ್ದನ್ನೂ ಹೇಳಿದೆ, ಆಮೇಲೆ ನಾಲ್ಕು ದಿನ ನಾನೇ ಎಣಿಸಿದ್ದನ್ನೂ.

ಅವರು ನನ್ನ ಎದೆಯ ಮೇಲೆ ಮತ್ತೊಮ್ಮೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. “ಈ ಹಾರ್ಟ್ ಇಟ್ಕೊಂಡು ಮೊದಲ ದಿನದಿಂದ ಪೂರಾ ಐವತ್ತು ಹತ್ತಿದ್ರೆ ನನ್ನ ತನಕ ಬರ್ತಾನೇ ಇರಲಿಲ್ಲ ನೀವು. ಆ ಮನುಷ್ಯ ಎಲ್ಲಿದಾನೆ?”

ಅತ್ತೆ ಸೊಂಟದಿಂದ ಉಗ್ರಾಣದ ಕೀ ತೆಗೆದು ನನ್ನ ಮಡಿಲಿಗೆ ಹಾಕಿದರು. ಅದು ಇವತ್ತಿಗೂ ನನ್ನ ಹತ್ತಿರ ಇದೆ. ಬೀಗವೇ ಇಲ್ಲ.

ರಕ್ತದ ರಿಪೋರ್ಟ್ ಬರುವವರೆಗಿನ ಎರಡು ವಾರ ನಾದಿನಿಯ ಮನೆಯಲ್ಲಿ ಮಲಗಿದ್ದೆ. ಆಗಿನ ಭಯ ಬೇರೆ ಥರದ್ದು. ರಿಪೋರ್ಟಿನಲ್ಲಿ ಏನೂ ಇಲ್ಲ ಅಂತ ಬಂದರೆ? ಮತ್ತೆ ನಾನು ಕಳ್ಳಿ. ಕಾಯಿಲೆ ಇರಲಿ ದೇವರೇ, ಅದಕ್ಕೊಂದು ಹೆಸರಿರಲಿ, ಎಂದು ಬೇಡಿಕೊಂಡವಳು ನಾನು. ಹೆಸರು ಬಂತು. ಪುಟ್ಟ ಬಿಳಿ ಮಾತ್ರೆ ಬಂತು, ಬೆಳಗ್ಗೆ ಬರಿಹೊಟ್ಟೆಯಲ್ಲಿ, ಜೀವ ಇರುವ ತನಕ. ಶುರುವಿಗೆ ಕಾಲು ಭಾಗ, ಆಮೇಲೆ ಅರ್ಧ, ಹೃದಯಕ್ಕೆ ಗಾಬರಿಯಾಗದ ಹಾಗೆ. ಮೂರು ತಿಂಗಳಿಗೆ ಮೊದಲ ಸಲ ಬೆವರಿದೆ. ಕಂಕುಳು ಒದ್ದೆಯಾದದ್ದನ್ನು ನೋಡಿ ಖುಷಿಯಿಂದ ಅತ್ತೆಯನ್ನು ಕೂಗಿ ಕರೆದಿದ್ದೆ. ಮೈ ನಿಧಾನವಾಗಿ ಇಳಿಯಿತು. ದನಿ ಬರಲು ಒಂದೂವರೆ ವರ್ಷ ಹಿಡಿಯಿತು. ಒಂದು ಸಂಜೆ ಯಜಮಾನರು ಕಾಲು ತೊಳೆಯುತ್ತ, “ಒಂದು ಹಾಡೇಳೇ,” ಎಂದರು. ಹಾಡಿದೆ. ಅವರು ನೀರಿನ ಚೊಂಬು ಹಿಡಿದುಕೊಂಡೇ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು.

ಈರಜ್ಜ ಲಿಂಗದಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾನೆ ಎಂದು ಯಾರೋ ಹೇಳಿದರು. ಯಜಮಾನರು ಆಳು ಕಳಿಸಿ ಕರೆಸುತ್ತೇನೆ ಅಂದರು. ಬೇಡ, ನಾನೇ ಹೋಗುತ್ತೇನೆ ಎಂದೆ. ಹೋಗಲಿಲ್ಲ. ಮೊದಲ ವರ್ಷ ಸುಸ್ತು ಎಂದು. ಎರಡನೇ ವರ್ಷ ಉಷಾಗೆ ಕಾಮಾಲೆ ಎಂದು. ಆಮೇಲಿನ ವರ್ಷಗಳಿಗೆ ನೆಪವೂ ಸಿಗಲಿಲ್ಲ. ಸಾರಿ ಎಂದು ಹೇಳಲು ಕಾನ್ವೆಂಟಿನಲ್ಲಿ ದಿನಕ್ಕೆ ಹತ್ತು ಸಲ ಕಲಿಸಿದ್ದರು. ಅಂಗಳದಿಂದ ಕಂಬಳಿ ಹೊತ್ತು ಹೋದವನಿಗೆ ಅದನ್ನು ಯಾವ ಭಾಷೆಯಲ್ಲಿ ಹೇಳುವುದು ಎಂದು ಕಲಿಸಿರಲಿಲ್ಲ.

ಎಂಬತ್ತೈದೋ ಎಂಬತ್ತಾರೋ ಇರಬೇಕು. ತರೀಕೆರೆಯಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಅಜ್ಜಂಪುರದ ಬಸ್ಸಿಗೆ ಕಾಯುತ್ತಿದ್ದೆ. ಬಸ್‌ಸ್ಟ್ಯಾಂಡಿನ ಕಂಬಕ್ಕೆ ಒರಗಿ ಒಬ್ಬ ಮುದುಕ ಕೂತಿದ್ದ. ಹೆಗಲ ಮೇಲೆ ಅದೇ ಕಂಬಳಿ. ಕಣ್ಣುಗಳ ಮೇಲೆ ಹಾಲಿನ ಕೆನೆಯ ಹಾಗೆ ಪೊರೆ ಕಟ್ಟಿತ್ತು.

“ಈರಜ್ಜ.”

“ಯಾರವ್ವ?”

“ನಾನು ಕಣಜ್ಜ. ಅಜ್ಜಂಪುರದ ವಿಮಲಾ.”

ಅವನು ದನಿ ಬಂದ ಕಡೆ ಮುಖ ಎತ್ತಿದ. ಎತ್ತಿ, ತಲೆಯಾಡಿಸಿದ. “ಸುಳ್ಳಾಡ್ಬ್ಯಾಡಿ ತಾಯಿ. ಆ ಅಮ್ಮೋರದ್ದು ಗೊಗ್ಗರು ದನಿ. ಗಂಟ್ಲಿಗೆ ಹೊಟ್ಟು ಸಿಕ್ಕಂಡಂಗೆ. ನಿಮ್ದು ಗಂಟೆ ಇದ್ದಂಗದೆ.”

“ಕಾಯಿಲೆ ವಾಸಿ ಆಯ್ತಜ್ಜ. ದನಿ ಬಂತು.”

“ಆ ಅಮ್ಮೋರು ಇಲ್ಲ. ಹೋಗ್ಬಿಟ್ರು.”

“ಯಾರು ಹೇಳಿದ್ರು?”

“ಯಾರು ಹೇಳ್ಬೇಕು? ನಾನು ಬಂದ್ಮ್ಯಾಲೆ ಐವತ್ತಕ್ಕೆ ಐವತ್ತೂ ಹತ್ತಿರ್ತಾರೆ. ನಿಲ್ಲಾ ಪೈಕಿ ಅಲ್ಲ ಆವಮ್ಮ.” ಕಂಬಳಿಯ ಅಂಚನ್ನು ಬೆರಳಲ್ಲಿ ಹೊಸೆಯುತ್ತ ಹೇಳಿದ: “ಆ ಕೂಸಿನ ಮುಂದೆ ಅಂಕಿ ನುಂಗ್ಬಾರ್ದಾಗಿತ್ತು ನಾನು. ನಂದೇ ತೆಪ್ಪು.”

ಆರೇಳು ವರ್ಷ ಅವನು ಇದನ್ನು ಹೊತ್ತುಕೊಂಡು ತಿರುಗಿದ್ದ. ನಾನು ಒಂದು ಮಾತು ಹೇಳಿಕಳಿಸಿದ್ದರೆ ಇಳಿದುಹೋಗುತ್ತಿದ್ದ ಭಾರ. ಏನು ಹೇಳಿದರೂ ನಂಬುವ ಹಾಗಿರಲಿಲ್ಲ. ಕೈ ಹಿಡಿದೆ. ಈಗ ಅದು ಬೆಚ್ಚಗಿತ್ತು, ಅವನಿಗೆ ಗೊತ್ತಿದ್ದದ್ದು ತಣ್ಣನೆಯ ಕೈ.

ಅಷ್ಟರಲ್ಲಿ ಲಿಂಗದಹಳ್ಳಿಯ ಬಸ್ಸು ಬಂತು. ಅವನು ಕೋಲು ಊರಿ ಎದ್ದ. ನಾನು ರಟ್ಟೆ ಹಿಡಿದುಕೊಂಡೆ. “ಯಾರಾದ್ರೂ ಸರಿ, ಪುಣ್ಯ ಬರ್ಲಿ ನಿಮ್ಗೆ,” ಎಂದ. ಬಸ್ಸಿನವರೆಗೆ ಏಳೆಂಟು ಹೆಜ್ಜೆ ಇರಬಹುದು. ಅವನು ಕಾಲೆತ್ತಿ ಇಟ್ಟ ಹಾಗೆಲ್ಲ ನಾನು ಎಳೆದೆಳೆದು ಕೂಗಿದೆ, ಜನ ತಿರುಗಿ ನೋಡುವಷ್ಟು ಗಟ್ಟಿಯಾಗಿ.

“ಲಾಭೋ ಲಾಭ… ಎರಡೋ ಎರಡು… ಮೂರೋ ಮೂರು… ಐದೋ ಐದು…”

ಅವನು ನಿಂತುಬಿಟ್ಟ. ಹಿಂದಿನಿಂದ ಬರುತ್ತಿದ್ದವರು ನಮ್ಮನ್ನು ತಳ್ಳಿಕೊಂಡು ಬಸ್ಸು ಹತ್ತಿದರು. ಅವನ ಕೈ ನನ್ನ ಮಣಿಕಟ್ಟನ್ನು ಹುಡುಕಿ, ಬಳೆಗಳನ್ನು ಮೇಲಕ್ಕೆ ಸರಿಸಿ, ಬೆರಳುಗಳಿಂದ ಅದರ ಸುತ್ತಳತೆ ನೋಡಿತು.

“ನಾಲ್ಕು ನುಂಗಿದ್ರಲ್ಲ ಅಮ್ಮೋರೆ.”

“ಹತ್ತಪ್ಪ ಅಜ್ಜ, ಹೊತ್ತಾಯ್ತು!” ಕಂಡಕ್ಟರ್ ಕೂಗಿದ. ಯಾರೋ ಮೇಲಿನಿಂದ ಈರಜ್ಜನನ್ನು ಎಳೆದುಕೊಂಡರು. ಹೇಳಬೇಕಾದ್ದು ನನ್ನ ಬಾಯಲ್ಲೇ ಉಳಿಯಿತು. ಬಸ್ಸು ತಿರುಗಿದಾಗ ಕಿಟಕಿಯಲ್ಲಿ ಅವನು ಕಂಡ, ಮುಖ ಮುಂದಕ್ಕೆ, ಬೆಟ್ಟದ ಕಡೆಗೆ. ಸರಳು ಹಿಡಿದ ಕೈಯ ಬೆರಳೊಂದು ಎದ್ದು ಬೀಳುತ್ತಿತ್ತು, ತುಟಿ ಅಲ್ಲಾಡುತ್ತಿತ್ತು. ಎಲ್ಲಿಯವರೆಗೆ ಎಣಿಸಿದನೋ ಗೊತ್ತಿಲ್ಲ. ಈರಜ್ಜನನ್ನು ನಾನು ನೋಡಿದ್ದು ಅದೇ ಕೊನೆ.